ಬೋಟಿನ ಅಲೆಗೆ ಬಿದಿರಿನ ತಡಿಕೆ: ನಮ್ಮ ಕೆರೆಯಲ್ಲಿ ನಾನು ಮಾಡಿದ್ದು

ಮೋಟಾರು ಬೋಟಿನ ಅಲೆಯನ್ನು ನೀರಿನ ಮೇಲೆ ತೇಲುವ ಬಿದಿರಿನ ತಡಿಕೆ ಕಟ್ಟಿ ತಡೆಯುತ್ತೇನೆ ಎಂದಾಗ ನಮ್ಮ ಮೀನುಗಾರರ ಸಂಘದಲ್ಲಿ ಒಬ್ಬರೂ ಒಪ್ಪಲಿಲ್ಲ. ಬೋಟಿನ ಹುಡುಗರು ನಾವು ಹೇಳಿದ ಕಡೆ ವೇಗ ಇಳಿಸುತ್ತಾರೆ ಎಂಬುದನ್ನಂತೂ ನನ್ನ ಸ್ವಂತ ತಮ್ಮನೇ ನಂಬಲಿಲ್ಲ. ಎರಡೂ ಆಗಿವೆ. ಹೋದ ವರ್ಷ ಹೇಮಾವತಿ ನೀರು ಬಂದು ಕೆರೆ ಕೋಡಿ ಬಿದ್ದಾಗಲೂ ನನ್ನ ತಡಿಕೆ ಕಿತ್ತುಹೋಗಲಿಲ್ಲ. ಯುಗಾದಿ ರಜೆಯ ಗದ್ದಲದಲ್ಲಿ ಬೋಟುಗಳು ಬಿಡುವಿಲ್ಲದೆ ಓಡಾಡಿದಾಗಲೂ ಹಾಪಾಗಳಲ್ಲಿ, ಅಂದರೆ ಮೀನುಮರಿ ಬೆಳೆಸಲು ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಗಳಲ್ಲಿ, ಒಂದೂ ಹರಿಯಲಿಲ್ಲ. ಮಾರ್ಕೋನಹಳ್ಳಿ, ತೀತಾ, ಬೋರನಕಣಿವೆ ಕಡೆಯ ಬಳಗದವರು ಫೋನಿನಲ್ಲಿ ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಕೆರೆಯ ಹೆಸರು ಬರೆಯುವುದಿಲ್ಲ. ತುಮಕೂರು ಜಿಲ್ಲೆಯದು, ಹೇಮಾವತಿ ನಾಲೆಯಿಂದ ತುಂಬುವಂಥದ್ದು, ಅಷ್ಟು ಸಾಕು. ಅಲ್ಲಿ ಬೋಟು ಓಡಿಸುವವರು ಈಗ ನಮ್ಮೊಂದಿಗೆ ಸರಿಯಾಗಿ ನಡೆದುಕೊಳ್ಳುತ್ತಿದ್ದಾರೆ. ಹಳೆಯದನ್ನು ಕೆದಕಿ ಅವರನ್ನು ಜನರ ಮುಂದೆ ನಿಲ್ಲಿಸುವ ಇಷ್ಟ ನನಗಿಲ್ಲ.

ಅಲೆಯಿಂದ ಏನು ನಷ್ಟ ಎಂದು ದಡದಲ್ಲಿ ನಿಂತವರು ಕೇಳುತ್ತಾರೆ. ಹರಿಗೋಲಿನಲ್ಲಿ ಕೂತವರು ಕೇಳುವುದಿಲ್ಲ. ಹರಿಗೋಲಿನ ಅಂಚು ನೀರಿನಿಂದ ಒಂದಡಿಯಷ್ಟು ಮೇಲಿರುತ್ತದೆ. ಬಲೆ ಎಳೆಯುವಾಗ ಇಬ್ಬರೂ ಒಂದೇ ಮಗ್ಗುಲಿಗೆ ಬಾಗಿದರೆ ಅರ್ಧ ಅಡಿಯೂ ಉಳಿಯದು. ಆ ಹೊತ್ತಿಗೆ ಹಿಂದಿನಿಂದ ಬೋಟಿನ ಅಲೆ ಬಂದರೆ ನೀರು ಒಳಗೆ, ಮೀನು ಹೊರಗೆ. ಇನ್ನು ಹಾಪಾಗಳದ್ದು ಬೇರೆ ಕಥೆ. ನನ್ನವು ಹಿನ್ನೀರಿನ ಒಂದು ಮೂಲೆಯಲ್ಲಿ, ಐದಾರು ಅಡಿ ಆಳದಲ್ಲಿ, ಬಿದಿರಿನ ಗೂಟಕ್ಕೆ ಕಟ್ಟಿದವು. ಅಲೆ ಬಡಿಬಡಿದು ಗೂಟ ಸಡಿಲವಾಗುತ್ತದೆ, ಅಂಚಿನ ಕೆಸರು ಕದಡುತ್ತದೆ, ಬಲೆಯ ಕಣ್ಣುಗಳು ಮುಚ್ಚುತ್ತವೆ, ನೀರಾಡದೆ ಮರಿಗಳು ಬೆಳಗ್ಗೆ ಮೇಲೆ ಬಂದು ಬಾಯಿ ಬಿಡುತ್ತವೆ. ಒಂದು ಭಾನುವಾರ ಎರಡು ಹಾಪಾಗಳು ಒಂದು ಮಗ್ಗುಲು ಮುಳುಗಿ ಕಾಟ್ಲಾ, ರೋಹು ಮರಿಗಳೆಲ್ಲ ಕೆರೆ ಸೇರಿದವು. ಸುಮಾರು 15,000 ರೂಪಾಯಿಯ ಮರಿ, ಜೊತೆಗೆ ಅಷ್ಟು ದಿನ ಹಾಕಿದ ತವುಡು, ಹಿಂಡಿ. ಕೆರೆಯ ಗುತ್ತಿಗೆ ಹಣ ಕಟ್ಟುವವರು ನಾವು. ಮರಿ ಹೋದರೆ ಕೇಳುವವರಿಲ್ಲ.

ಮೊದಲು ಎಲ್ಲರಂತೆ ಜಗಳವಾಡಿದೆವು. ಆಮೇಲೆ ಅರ್ಜಿ ಕೊಟ್ಟೆವು, ಉತ್ತರ ಬರಲಿಲ್ಲ. ಆಮೇಲೆ ಕೆಂಪು ಬಾವುಟ ನೆಟ್ಟೆವು. ಬಾವುಟ ನೆಟ್ಟದ್ದೇ ತಪ್ಪು ಫಲ ಕೊಟ್ಟಿತು: ಪ್ರವಾಸಿಗರು ಬಾವುಟದವರೆಗೆ ಹೋಗೋಣ ಎಂದು ಹಟ ಹಿಡಿಯತೊಡಗಿದರು, ಬೋಟಿನವರು ಅಲ್ಲೇ ಗಿರಕಿ ಹೊಡೆದು ತಿರುಗತೊಡಗಿದರು. ತಿರುವಿನ ಒಳಮಗ್ಗುಲಿಗೆ ಅಲೆಗಳು ಒಂದರ ಮೇಲೊಂದು ಸೇರಿ ದೊಡ್ಡದಾಗುತ್ತವೆ. ನನ್ನ ಹಾಪಾಗಳಿದ್ದದ್ದು ಸರಿಯಾಗಿ ಆ ಮಗ್ಗುಲಿನಲ್ಲೇ.

ಆಮೇಲೆ ತಡೆಯ ಸರದಿ. ಗುಜರಿಯಿಂದ ಲಾರಿ ಟೈರು ತಂದು ಸರಪಳಿಯಂತೆ ಬಿಗಿದೆವು. ಸಾಗಣೆ ಸೇರಿ ಆರೇಳು ಸಾವಿರ ಹೋಯಿತು. ಟೈರಿನೊಳಗಿನ ಗಾಳಿ ಕೆಲವೇ ವಾರದಲ್ಲಿ ಹೊರಟು, ಕೆಸರು ತುಂಬಿ, ಪೂರ್ತಿ ಸಾಲು ತಳಕ್ಕೆ ಕೂತಿತು. ಎತ್ತುವುದಕ್ಕೆ ಮತ್ತೆ ಕೂಲಿ. ನಂತರ ಎಣ್ಣೆಯ ಖಾಲಿ ಕ್ಯಾನುಗಳನ್ನು ಹಗ್ಗಕ್ಕೆ ಪೋಣಿಸಿದೆವು. ನೋಡುವುದಕ್ಕೆ ಚೆಂದ. ಅಲೆ ಬಂದಾಗ ಕ್ಯಾನುಗಳು ಮೇಲೆದ್ದು ಇಳಿದವು, ಅಲೆ ಅಡಿಯಿಂದ ಹಾಯಾಗಿ ದಾಟಿ ಹೋಯಿತು. ಸಂಘದವರು ಮಾತು ನಿಲ್ಲಿಸಿ ನಗತೊಡಗಿದ್ದು ಆಗಲೇ.

ಕ್ಯಾನುಗಳು ಕುಣಿಯುವುದನ್ನು ನೋಡುತ್ತ ಕೂತಾಗಲೇ ನನಗೆ ವಿಷಯ ಹೊಳೆದದ್ದು. ತಡೆ ಎತ್ತರವಿದ್ದರೆ ಸಾಲದು, ಅಗಲವಿರಬೇಕು. ಎರಡು ಗಳುಗಳನ್ನು ನೆಟ್ಟು, ಬೋಟು ಹಾದಾಗ ಅಲೆಯ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಎಷ್ಟು ದೂರ ಎಂದು ಅಳೆದೆ. ಹದಿನೈದು, ಹದಿನಾರು ಅಡಿ. ನಾಲ್ಕಡಿ ಅಗಲದ ತಡಿಕೆ ಕಟ್ಟಿ ಇಳಿಸಿದೆ: ಅಲೆಯ ಜೊತೆ ಅದೂ ತೂಗಾಡಿತೇ ಹೊರತು ತಡೆಯಲಿಲ್ಲ. ಎಂಟಡಿಗೆ ಅಗಲಿಸಿದೆ, ಅಂದರೆ ಅಲೆಯ ಉದ್ದದ ಅರ್ಧ. ತಡಿಕೆಯ ಮುಂದಿನ ತುದಿ ಏಳುವಾಗ ಹಿಂದಿನ ತುದಿ ತಗ್ಗಿನಲ್ಲಿರುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಅಲೆ ಅಲ್ಲೇ ಮುರಿಯುತ್ತದೆ. ಇಷ್ಟೇ ಗುಟ್ಟು. ನಿಮ್ಮ ಕೆರೆಯ ಬೋಟು ದೊಡ್ಡದೋ ಸಣ್ಣದೋ, ಅದರ ಅಲೆ ಎಷ್ಟುದ್ದವೋ, ಅಳೆಯದೆ ನನ್ನ ಎಂಟಡಿಯನ್ನು ಕಣ್ಣು ಮುಚ್ಚಿ ಹಿಡಿಯಬೇಡಿ.

ಒಂದೊಂದು ತಡಿಕೆ ಎಂಟಡಿ ಅಗಲ, ಹದಿನೆಂಟು ಅಡಿ ಉದ್ದ. ಅಂಥವು ಆರು. ಬಿದಿರು ಅಡ್ಡ ಎರಡು ಪದರ, ಉದ್ದ ಒಂದು ಪದರ. ಪ್ರತಿ ತಡಿಕೆಗೆ ಎರಡು ಮೂರು ನೀಲಿ ಡ್ರಮ್ಮು. ಇಲ್ಲೊಂದು ಸೂಕ್ಷ್ಮವಿದೆ: ಡ್ರಮ್ಮನ್ನು ಖಾಲಿ ಕಟ್ಟಿದರೆ ತಡಿಕೆ ಹಗುರಾಗಿ ಅಲೆಯ ಮೇಲೆ ಸವಾರಿ ಮಾಡುತ್ತದೆ. ಅರ್ಧಕ್ಕೂ ತುಸು ಹೆಚ್ಚು ನೀರು ತುಂಬಿ ಬಿಗಿಯಾಗಿ ಮುಚ್ಚಬೇಕು. ತಡಿಕೆ ಭಾರವಾಗಿ, ಮುಕ್ಕಾಲು ಪಾಲು ಮುಳುಗಿ ಕೂರಬೇಕು. ಬೋಟಿನ ದಾರಿಯತ್ತ ಇರುವ ಅಂಚಿಗೆ ತೋಟದ ಹಸಿರು ನೆರಳು ಬಲೆಯನ್ನು ಮೂರಡಿಯಷ್ಟು ಕೆಳಕ್ಕೆ ಇಳಿಬಿಟ್ಟು, ಬುಡಕ್ಕೆ ಕಲ್ಲು ಕಟ್ಟಿದ್ದೇನೆ. ದುಡ್ಡು ಉಳಿಯುತ್ತದೆಂದು ಹರಿದ ಮೀನುಬಲೆಯನ್ನು ಮಾತ್ರ ಇಳಿಬಿಡಬೇಡಿ. ಆಮೆ, ನೀರುಕಾಗೆ ಅದರಲ್ಲಿ ಸಿಕ್ಕಿ ಸಾಯುತ್ತವೆ, ಅದನ್ನು ನೋಡಿದವರಿಗೆ ಅನ್ನ ಇಳಿಯುವುದಿಲ್ಲ.

ಒಂದು ತಡಿಕೆಗೂ ಮುಂದಿನದಕ್ಕೂ ನಡುವಿನ ಕಟ್ಟೇ ಮುಖ್ಯ. ಬಿಗಿಯಾದರೆ ಬಿದಿರು ಸೀಳುತ್ತದೆ, ಸಡಿಲವಾದರೆ ಉಜ್ಜಿ ಉಜ್ಜಿ ಹಗ್ಗ ಕಡಿಯುತ್ತದೆ. ನಾನು ಹಾಕುವ ಕಟ್ಟನ್ನೂ, ಬಿದಿರಿಗೆ ಹುಳು ಹಿಡಿಯದಂತೆ ಸವರುವುದನ್ನೂ ಇಲ್ಲಿ ಬರೆಯುವುದಿಲ್ಲ. ಅವೆರಡಕ್ಕೇ ನನಗೆ ಹೆಚ್ಚು ಕಾಲ ಹಿಡಿದದ್ದು. ಕೆರೆಗೆ ಬಂದವರಿಗೆ ಕೈಯಿಂದಲೇ ತೋರಿಸುತ್ತೇನೆ.

ಲಂಗರಿನದು ಬೇರೆಯದೇ ತಲೆನೋವಾಗಿತ್ತು. ನಾಲೆಯ ನೀರು ಬಿಟ್ಟರೆ ನಮ್ಮ ಕೆರೆ ಎರಡು ಮೂರು ವಾರದಲ್ಲಿ ಆರೇಳು ಅಡಿ ಏರುತ್ತದೆ. ಹಗ್ಗ ಗಿಡ್ಡವಿದ್ದರೆ ತಡಿಕೆಯ ಒಂದು ಮೂಲೆ ಮುಳುಗಿ ನಿಲ್ಲುತ್ತದೆ, ಉದ್ದವಿದ್ದರೆ ಬೇಸಿಗೆಯಲ್ಲಿ ತಡಿಕೆ ಅಲೆದಾಡಿ ಹಾಪಾಕ್ಕೇ ಗುದ್ದುತ್ತದೆ. ಮರಳು ಮೂಟೆಯನ್ನು ತಳದಲ್ಲಿಟ್ಟು, ಹಗ್ಗವನ್ನು ಆಳದ ಮೂರರಷ್ಟು ಉದ್ದ ಬಿಟ್ಟು, ಹಗ್ಗದ ನಡುವೆ ಸಣ್ಣದೊಂದು ಕಲ್ಲು ತೂಗುಹಾಕಿದೆ. ನೀರು ಇಳಿದಾಗ ಆ ಕಲ್ಲು ಹಗ್ಗದ ಸಡಿಲವನ್ನು ಕೆಳಗೆಳೆದುಕೊಳ್ಳುತ್ತದೆ, ಏರಿದಾಗ ಬಿಟ್ಟುಕೊಡುತ್ತದೆ. ಅಂದಿನಿಂದ ಹಗ್ಗ ಮುಟ್ಟಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಬಿದಿರು ನೂರಿಪ್ಪತ್ತರ ಸುಮಾರು, 14,000 ರೂಪಾಯಿಯಷ್ಟು. ಡ್ರಮ್ಮುಗಳನ್ನು ಅಂತರಸನಹಳ್ಳಿ ಕಡೆಯ ಗುಜರಿಯಲ್ಲಿ ಚೌಕಾಶಿ ಮಾಡಿ ತಂದೆ, 13,000ದಿಂದ 14,000. ಹಗ್ಗ, ನೆರಳು ಬಲೆ, ಮೂಟೆ ಸೇರಿ 6,000. ಕೆಲಸ ಮನೆಯವರದೇ. ಒಟ್ಟು 35,000ಕ್ಕೆ ಒಳಗೆ. ಮೊದಲಿನ ಟೈರು, ಕ್ಯಾನು ಸೇರಿಸಿದರೆ 45,000 ಆಗಬಹುದು. ಒಂದು ಒಳ್ಳೆಯ ಮರಿ ಹಂಗಾಮು ಕೈಗೆ ಬಂದರೆ ಮುಗಿಯಿತು, ನನಗೆ ಬಂದಿದೆ. ಮುಂದೆ ಒಂದಡಿ ಎದ್ದ ಅಲೆ ತಡಿಕೆಯ ಹಿಂದೆ ನಾಲ್ಕಂಗುಲವಿರುತ್ತದೆ. ತಡಿಕೆಯ ಎರಡು ತುದಿಗಳಲ್ಲಿ ಅಲೆ ಬಳಸಿಕೊಂಡು ಒಳಗೆ ಬರುತ್ತದೆ. ಹಾಪಾಗಳ ಸಾಲಿಗಿಂತ ಆಚೆ ಈಚೆ ಒಂದೊಂದು ತಡಿಕೆ ಹೆಚ್ಚಿಗೆ ಬೇಕು, ಅದರಲ್ಲಿ ಜಿಪುಣತನ ಮಾಡಬೇಡಿ.

ಈ ನಡುವೆ ಅಂತರಗಂಗೆಯನ್ನೂ ನೋಡಿದೆ, ನೇರಳೆ ಹೂವಿನ ಆ ಕಳೆಯನ್ನು. ಬಿದಿರಿನ ಚೌಕಟ್ಟಿನೊಳಗೆ ತುಂಬಿ ಇಳಿಸಿದರೆ ಅಲೆಯನ್ನು ನುಂಗಿಹಾಕುವುದರಲ್ಲಿ ಅದಕ್ಕೆ ಸಮ ಬೇರೊಂದಿಲ್ಲ. ಆದರೆ ತಿಂಗಳು ಕಳೆಯುವುದರೊಳಗೆ ಚೌಕಟ್ಟು ದಾಟಿ ಹೊರಗೆ ಕೈಚಾಚಿತ್ತು. ಅಷ್ಟನ್ನೂ ಎಳೆದು ತೆಂಗಿನ ಬುಡಕ್ಕೆ ಹಾಕಿದೆವು. ಅದನ್ನು ಕೆರೆಗೆ ತಾವಾಗಿ ತರುವ ಆಲೋಚನೆ ಯಾರೂ ಮಾಡಬೇಡಿ. ಜೊಂಡು ಒಳ್ಳೆಯದು, ನಿಧಾನ. ತಡಿಕೆಯ ಹಿಂದಿನ ಶಾಂತ ನೀರಿನಲ್ಲಿ ಈಗ ಜೊಂಡು ತಾನಾಗಿ ಹಬ್ಬುತ್ತಿದೆ. ಗುಳುಮುಳುಕ ಅಲ್ಲಿ ಗೂಡು ಕಟ್ಟಿತ್ತು. ತೇಲುವ ಗೂಡು ಅದರದ್ದು, ಒಂದು ದೊಡ್ಡ ಅಲೆ ಸಾಕು ಮೊಟ್ಟೆ ನೀರುಪಾಲಾಗಲು. ಕೊರಮೀನು ತನ್ನ ಮರಿಗಳ ಗುಂಪನ್ನು ಕಾಯುತ್ತ ಅದೇ ಜಾಗದಲ್ಲಿ ಸುತ್ತುವುದನ್ನು ನಾನು ಹರಿಗೋಲು ನಿಲ್ಲಿಸಿ ನೋಡುತ್ತೇನೆ.

ತಡಿಕೆ ಹಾಪಾಗಳನ್ನು ಕಾಯುತ್ತದೆ, ಹರಿಗೋಲನ್ನಲ್ಲ. ಕೆರೆಯ ನಡುವೆ ಬಲೆ ಎಳೆಯುವವನಿಗೆ ಬೋಟಿನವನ ಕೈಯೇ ಕಾವಲು. ಅದಕ್ಕಾಗಿ ಬೋಟಿನ ಹುಡುಗರಲ್ಲಿ ದೊಡ್ಡವನನ್ನು ಒಂದು ಮಂಗಳವಾರ, ಗಿರಾಕಿ ಇಲ್ಲದ ಹೊತ್ತು, ನನ್ನ ಹರಿಗೋಲಿನಲ್ಲಿ ಕೂರಿಸಿದೆ. ಅವನ ಜೊತೆಗಾರನಿಗೆ ಬೋಟನ್ನು ಮೂರು ವೇಗದಲ್ಲಿ ಓಡಿಸಲು ಹೇಳಿದೆ. ಗೂಟಕ್ಕೆ ಸುಣ್ಣದ ಗೆರೆ ಎಳೆದಿದ್ದೆ. ನಡಿಗೆಯ ವೇಗದಲ್ಲಿ ಎರಡು ಬೆರಳಿನಷ್ಟು ನೀರು ಏರಿತು. ಪೂರ್ತಿ ವೇಗದಲ್ಲಿ ಮುಕ್ಕಾಲಡಿ. ನಡುವಿನ ವೇಗದಲ್ಲಿ, ಬೋಟಿನ ಮೂತಿ ಮೇಲೆದ್ದು ಹಿಂಭಾಗ ನೀರಿಗೆ ಕುಸಿದಿರುವಾಗ, ಒಂದಡಿಗೂ ಮೇಲೆ. ಹುಡುಗ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡ, ಅಂಗಿ ತೋಯಿತು. ‘ನಾವು ನಿಮ್ಮನ್ನು ನೋಡಿ ಇದೇ ವೇಗಕ್ಕೆ ಇಳಿಸುತ್ತಿದ್ದೆವಲ್ಲ’ ಎಂದ. ನಿಜ. ಅರ್ಧ ಇಳಿಸುವುದೇ ಸೌಜನ್ಯ ಎಂದು ಅವರು ತಿಳಿದಿದ್ದರು, ಅರ್ಧವೇ ಎಲ್ಲಕ್ಕಿಂತ ಕೆಟ್ಟದ್ದು. ಆಳ ಕಡಿಮೆಯಿದ್ದ ಕಡೆ ಇನ್ನೂ ಕೆಟ್ಟದ್ದು: ಒಂದು ಮೀಟರ್ ಆಳದಲ್ಲಿ ಗಂಟೆಗೆ 11 ಕಿ.ಮೀ. ಆಸುಪಾಸಿನ ವೇಗಕ್ಕೆ ಅಲೆ ಅತಿ ಎತ್ತರಕ್ಕೆ ಏಳುತ್ತದೆ, ಆಳ ಹೆಚ್ಚಿದಂತೆ ಆ ವೇಗವೂ ಹೆಚ್ಚುತ್ತದೆ.

ಎರಡನೆಯದು, ಎಲ್ಲಿ ಇಳಿಸಬೇಕು ಎಂಬುದು. ನಮ್ಮ ಪಕ್ಕಕ್ಕೆ ಬಂದು ಇಳಿಸಿದರೆ ಹಿಂದೆ ಎಬ್ಬಿಸಿದ ಅಲೆ ಬೋಟನ್ನು ದಾಟಿ ನಮ್ಮ ಮೇಲೆಯೇ ಬರುತ್ತದೆ. ತಟ್ಟನೆ ಇಳಿಸಿದರೆ ಅದೇ ಅಲೆ ಬೋಟಿನ ಹಿಂಬದಿಗೂ ನುಗ್ಗುತ್ತದೆ. ಹಾಗಾಗಿ ಹಾಪಾಗಳ ಆಚೆಗೂ ಈಚೆಗೂ ಮುನ್ನೂರು ಅಡಿಗೂ ದೂರದಲ್ಲಿ ಹಳದಿ ಕ್ಯಾನುಗಳ ಒಂದೊಂದು ಗೆರೆ ಬಿಟ್ಟಿದ್ದೇನೆ. ಆಚೆಯ ಗೆರೆಯಿಂದ ಮೂತಿ ಇಳಿದು ಬೋಟು ಸಮತಲವಾಗಬೇಕು, ಈಚೆಯ ಗೆರೆ ದಾಟುವವರೆಗೆ ಹಾಗೆಯೇ ಸಾಗಬೇಕು. ಪ್ರವಾಸಿಗರನ್ನು ಹಿಂದೆ ಗುಂಪಾಗಿ ಕೂರಿಸದೆ ನಡುವೆ ಕೂರಿಸಬೇಕು. ಹರಿಗೋಲಿನವನು ಬಲೆ ಎಳೆಯುತ್ತಿದ್ದರೆ ಕೈ ಎತ್ತುತ್ತಾನೆ, ಆಗ ಬೋಟು ಅವನ ಬಲೆಯಿಲ್ಲದ ಮಗ್ಗುಲಿನಲ್ಲಿ, ದೂರದಿಂದಲೇ ಹಾದುಹೋಗಬೇಕು. ಬಲೆ ಹಾಕಿ ಮೀನು ಹಿಡಿಯುತ್ತಿರುವ ದೋಣಿಗೆ ಯಂತ್ರದ ದೋಣಿಯೇ ದಾರಿ ಬಿಡಬೇಕೆಂದು 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಗಳಲ್ಲಿದೆ. ಅದು ನಮ್ಮ ಕೆರೆಗೆ ಕಾನೂನಾಗಿ ಬರುವುದಿಲ್ಲ, ನ್ಯಾಯವಾಗಿ ಬರುತ್ತದೆ ಎಂದು ಹುಡುಗರಿಗೆ ಹೇಳಿದೆ. ಹಡಗಿನವರೇ ಬಿಡುವಾಗ ನಾವು ಬಿಡೋಣ ಎಂದರು.

ಇದು ಬರಿಯ ಒಳ್ಳೆಯ ಮಾತಿನಿಂದ ಆದದ್ದಲ್ಲ. ಅವರಿಗೂ ಒಂದು ದೂರಿತ್ತು: ನೈಲಾನ್ ಎಳೆ ಪ್ರೊಪೆಲ್ಲರಿಗೆ ಸುತ್ತಿ, ಒಳಗಿನ ಸೀಲು ಕಿತ್ತು, ರಿಪೇರಿಗೆ ಸಾವಿರಗಟ್ಟಲೆ ಹೋಗುತ್ತಿತ್ತು. ಜೆಟ್ಟಿಯಿಂದ ಕೆರೆಯ ನಡುವಿನವರೆಗೆ ನಲವತ್ತು ಅಡಿ ಅಗಲದ ದಾರಿಯಲ್ಲಿ ನಮ್ಮ ಯಾರ ಬಲೆಯೂ ಇರದಂತೆ ಸಂಘದಲ್ಲಿ ಒಪ್ಪಿಸಿದೆ. ಇದಕ್ಕೆ ತಡಿಕೆಗಿಂತ ಹೆಚ್ಚು ಬೆವರು ಸುರಿದಿದೆ. ಪ್ರತಿ ಬಲೆಯ ಎರಡು ತುದಿಗೂ ಬಿಳಿ ಕ್ಯಾನು ಕಡ್ಡಾಯ. ಅಂದಿನಿಂದ ಅವರ ಪ್ರೊಪೆಲ್ಲರಿಗೆ ಎಳೆ ಸುತ್ತಿದ್ದನ್ನು ನಾನು ಕೇಳಿಲ್ಲ. ಮೊದಮೊದಲು ತಡಿಕೆಗೆ ಬಡಿದು ವಾಪಸಾದ ಅಲೆ ಬೋಟನ್ನೇ ಕುಲುಕಿಸುತ್ತಿದೆ ಎಂದು ಅವರು ಹೇಳಿದಾಗ, ಸಾಲನ್ನು ದಾರಿಗೆ ಸಮಾನಾಂತರ ಬಿಡದೆ ಓರೆಯಾಗಿ ತಿರುಗಿಸಿಕೊಟ್ಟೆ. ಅರ್ಧ ದಿನದ ಕೆಲಸ, ಅದರಿಂದ ಗಳಿಸಿದ ವಿಶ್ವಾಸ ದೊಡ್ಡದು. ಹೊಸ ಚಾಲಕ ಬಂದರೆ ಈಗ ಹಳಬರೇ ಅವನನ್ನು ಮೊದಲು ನನ್ನ ಹರಿಗೋಲಿಗೆ ಕಳುಹಿಸುತ್ತಾರೆ.

ಅಂದು ನಕ್ಕ ಸಂಘದವರಲ್ಲಿ ಇಬ್ಬರು ಪಕ್ಕದ ಮೂಲೆಯಲ್ಲಿ ಹಾಪಾ ಹಾಕಲು ಜಾಗ ಕೇಳಿದ್ದಾರೆ. ಅವರಿಗಾಗಿ ಸಾಲನ್ನು ಉದ್ದ ಮಾಡಬೇಕು, ನೀರಿನ ಮಟ್ಟದಲ್ಲಿ ಸೀಳಿರುವ ನನ್ನ ಎರಡು ತಡಿಕೆಗಳನ್ನೂ ಬದಲಿಸಬೇಕು. ಬಿದಿರನ್ನು ಮಾಘದಲ್ಲಿ ತರಿಸುತ್ತೇನೆ, ಕೆರೆ ತಗ್ಗಿದಾಗ ಕಟ್ಟುವ ಕೆಲಸ. ಕಲಿಯಬೇಕೆನ್ನುವವರು ಆಗ ಬನ್ನಿ. ಬರುವ ಮೊದಲು ನಿಮ್ಮ ಕೆರೆಯ ಅಲೆಯುದ್ದ, ಬೇಸಿಗೆಯ ಆಳ, ಕೋಡಿ ಬಿದ್ದಾಗಿನ ಆಳ, ಈ ಮೂರನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಸಾಧ್ಯವಾದರೆ ನಿಮ್ಮ ಕೆರೆಯ ಬೋಟಿನವನೊಬ್ಬನನ್ನೂ ಜೊತೆಗೆ ಕರೆತನ್ನಿ.