ಕ್ಯಾಮ್ರಿ ಅಂತ ಕಣ್ಣು ಮುಚ್ಚಿ ತಗೋಬೇಡಿ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಎಲ್ಲರೂ ಹೇಳುವುದು ಒಂದೇ: "ಹಳೇ ಟೊಯೋಟಾ ಕ್ಯಾಮ್ರಿನೋ ಹೋಂಡಾ ಅಕಾರ್ಡೋ ತಗೊಂಡ್ಬಿಡಿ, ತಲೆನೋವೇ ಇಲ್ಲ." ಹೆಸರು ಒಳ್ಳೆಯದೇ, ಆದರೆ ವರ್ಷ, ಇಂಜಿನ್ ಎರಡನ್ನೂ ನೋಡದೆ ಬರೀ ಹೆಸರಿಗೆ ದುಡ್ಡು ಕೊಡಬೇಡಿ. 2007–09ರ ನಾಲ್ಕು ಸಿಲಿಂಡರ್ ಕ್ಯಾಮ್ರಿ ಆಯಿಲ್ ಕುಡಿಯುವುದರಲ್ಲಿ ಹೆಸರುವಾಸಿ. 2013–16ರ ನಿಸಾನ್ ಆಲ್ಟಿಮಾದ ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಎಷ್ಟು ಜನರಿಗೆ ಕೈಕೊಟ್ಟಿತೆಂದರೆ ಕಂಪನಿಯೇ ಅದರ ವಾರಂಟಿ ಹೆಚ್ಚಿಸಿತು. 2011–14ರ ಹ್ಯುಂಡೈ ಸೊನಾಟಾಗಳ ಇಂಜಿನ್‌ಗೆ ರೀಕಾಲ್ ಆಗಿದೆ, ಅಂದರೆ ದೋಷವಿದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆದಿದೆ.

ಇನ್ನು ಮೈಲೇಜ್. ಊರಲ್ಲಿ ಒಂದು ಲಕ್ಷ ಕಿಲೋಮೀಟರ್ ದಾಟಿದರೆ ಗಾಡಿ ಮುದಿ ಅಂತೀವಿ ಅಲ್ವಾ? ಇಲ್ಲಿ 1,00,000 ಮೈಲಿ, ಅಂದರೆ ಸುಮಾರು 1.6 ಲಕ್ಷ ಕಿಲೋಮೀಟರ್ ಓಡಿದ ಕಾರೂ ಸರ್ವಿಸ್ ರಸೀದಿಗಳು ಸರಿಯಾಗಿದ್ದರೆ ಭಯವಿಲ್ಲ.

ನೋಡಲು ಹೋಗುವ ಮೊದಲೇ 17 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಆ ಗಾಡಿಯ ಗುರುತಿನ ನಂಬರ್ ಕೇಳಿ. ಅದನ್ನು ಎನ್‌ಎಚ್‌ಟಿಎಸ್‌ಎ (ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ) ವೆಬ್‌ಸೈಟಿನಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ ಪುಕ್ಕಟೆ ಗೊತ್ತಾಗುತ್ತದೆ. ಗಾಡಿಯ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ವರದಿ ಕೂಡ ನೋಡಿ, ಆದರೆ ಅದು ಕ್ಲೀನ್ ಇದೆ ಅಂತ ಗಾಡಿ ಗುದ್ದಿಲ್ಲ ಅಂದುಕೊಳ್ಳಬೇಡಿ, ಇನ್ಶೂರೆನ್ಸ್‌ಗೆ ಹೇಳದೆ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಎಷ್ಟೋ ಸಲ ಅದರಲ್ಲಿ ಬರುವುದೇ ಇಲ್ಲ. ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ಸಾಲ್ವೇಜ್ (ಭಾರೀ ಹಾನಿಯಾಗಿ ಕೈಬಿಟ್ಟ ಗಾಡಿ), ರೀಬಿಲ್ಟ್ (ಅಂಥದ್ದನ್ನೇ ಮತ್ತೆ ಸರಿಮಾಡಿದ್ದು) ಅಂತಿದ್ದರೆ ಎಷ್ಟೇ ಅಗ್ಗವಾದರೂ ಮೊದಲ ಕಾರಿಗೆ ಬೇಡ.

"ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮಾರುವವರಿಗೆ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬಿಸಿ ಇದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವ ಇಂಜಿನ್ ಎದ್ದ ಮೊದಲ ಕೆಲವು ಸೆಕೆಂಡಿನ ಟಕಟಕ ಸದ್ದು, ಹಿಂದಿನಿಂದ ಬರುವ ನೀಲಿ ಹೊಗೆ, ಇವೆರಡೂ ಬಿಸಿಯಾದ ಮೇಲೆ ಮಾಯವಾಗಬಹುದು. ಸಿವಿಟಿ ಗಾಡಿಯಾದರೆ ಸಿಗ್ನಲ್‌ನಿಂದ ನಿಧಾನವಾಗಿ ಹೊರಟಾಗ ನಡುಗುತ್ತದಾ ಅಂತ ಗಮನಿಸಿ.

ನನಗೆ ಜಾಸ್ತಿ ನಂಬಿಕೆ ಇರುವುದು ಓಬಿಡಿ ರೀಡರ್ ಮೇಲೆ, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಪುಟ್ಟ ಸಾಧನ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದರೆ ಸಾಕು, ತೀರಾ ಅಗ್ಗದ್ದೂ ಕೆಲಸ ಮಾಡುತ್ತದೆ. ಕೋಡ್ ಏನೂ ಇಲ್ಲ ಅಂತ ಸುಮ್ನೆ ಖುಷಿಪಡಬೇಡಿ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಅಂತ ತೋರಿಸುವ ರೆಡಿನೆಸ್ ಮಾನಿಟರ್ ತೆರೆದು ನೋಡಿ. ಸಾಲಾಗಿ "ನಾಟ್ ರೆಡಿ" ಅಂತ ಬಂದರೆ ಮೊನ್ನೆ ಮೊನ್ನೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಚೆಕ್ ಇಂಜಿನ್ ಲೈಟ್ ಆರಿಸಿ ಮಾರುವವರು ಸಿಕ್ಕಿಬೀಳುವುದು ಇಲ್ಲೇ.

ಮಿಶಿಗನ್, ಒಹಾಯೊ ಕಡೆಯ ಗಾಡಿಯಾದರೆ ಬಗ್ಗಿ ತಳ ನೋಡಲೇಬೇಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬ್ರೇಕ್ ಪೈಪನ್ನೇ ತಿಂದುಹಾಕುತ್ತದೆ.

ಇಷ್ಟೆಲ್ಲ ಆದಮೇಲೂ ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದು, ಲಿಫ್ಟ್ ಮೇಲೆ ಏರಿಸಿ ತೋರಿಸಿ. ನೂರಿನ್ನೂರು ಡಾಲರ್ ಆಗಬಹುದು, ಆಗಲಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಕೈಮುಗಿದು ಬನ್ನಿ. ಡೀಲರ್ ಹತ್ತಿರವಾದರೆ ಕಿಟಕಿಗೆ ಅಂಟಿಸಿದ ಬೈಯರ್ಸ್ ಗೈಡ್ (ವಾರಂಟಿ ಇದೆಯೋ ಇಲ್ಲವೋ ಹೇಳುವ ಹಾಳೆ) ಓದಿ. "ಆ್ಯಸ್ ಈಸ್" (ಇದ್ದ ಹಾಗೇ, ವಾರಂಟಿ ಇಲ್ಲದೆ) ಅಂತ ಗುರುತು ಹಾಕಿದ್ದರೆ, ಸಹಿ ಹಾಕಿ ಗೇಟ್ ದಾಟಿದ ಮೇಲೆ ಗೇರ್‌ಬಾಕ್ಸ್ ಹೋದರೂ ಖರ್ಚು ನಿಮ್ಮದೇ.