ಡಬ್ಲಿನ್‌ನಲ್ಲಿ ಮೊದಲ ಕ್ರಿಸ್‌ಮಸ್ಸಾ? 23ಕ್ಕೇ ಸಾಮಾನು ತಂದಿಟ್ಟುಕೊಳ್ಳಿ

ಐರ್ಲೆಂಡಿಗೆ ಈ ವರ್ಷ ಓದೋಕೆ ಬಂದವರು ದಯವಿಟ್ಟು ಗಮನಿಸಿ. ಡಿಸೆಂಬರ್ 25ರಂದು ಇಲ್ಲಿ ಸಿಟಿ ಬಸ್ಸಿಲ್ಲ, ಲುವಾಸ್ ಟ್ರಾಮ್ ಇಲ್ಲ, ರೈಲೂ ಇಲ್ಲ. ಡಬ್ಲಿನ್ ವಿಮಾನ ನಿಲ್ದಾಣವೂ ಅಂದು ಮುಚ್ಚಿರುತ್ತೆ. ದೊಡ್ಡ ಅಂಗಡಿಗಳೆಲ್ಲ 24ರ ಸಂಜೆಯೇ ಬೇಗ ಬಾಗಿಲು ಹಾಕುತ್ತವೆ, ಕೆಲವು 26ರಂದೂ ತೆರೆಯಲ್ಲ. ಅಕ್ಕಿ, ಹಾಲು, ಮೊಸರು, ಜ್ವರದ ಮಾತ್ರೆ ಮೊದಲೇ ತಂದಿಡಿ. ಪ್ರೀಪೇಯ್ಡ್ ಕರೆಂಟ್ ಮೀಟರ್ ಇರುವ ಮನೆಯಾದರೆ ರೀಚಾರ್ಜ್ ಮರೀಬೇಡಿ.

ಒಬ್ಬರೇ ಇರಬೇಡಿ ಅನ್ನೋದು ನನ್ನ ಮನಸ್ಸಿನ ಮಾತು. ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲಾಗುತ್ತೆ, ರಸ್ತೆಯಲ್ಲಿ ಜನ ಇರಲ್ಲ, ಮನೆ ನೆನಪು ಜೋರಾಗಿ ಕಾಡುತ್ತೆ. 24ರ ರಾತ್ರಿಯೇ ಹೊದಿಕೆ ಹಿಡಿದು ಸ್ನೇಹಿತರ ಮನೆಗೆ ಹೋಗಿಬಿಡಿ, ಸೇರಿ ಬಿಸಿಬೇಳೆಬಾತ್ ಮಾಡಿ.

ಐರಿಶ್ ಸಹಪಾಠಿ ಊಟಕ್ಕೆ ಕರೆದರೆ ಖಂಡಿತ ಹೋಗಿ. ಸಸ್ಯಾಹಾರಿಗಳು ಮುಂಚೆಯೇ ಹೇಳಿಬಿಡಿ: ಹುರಿದ ಆಲೂಗಡ್ಡೆಗೆ ಬಾತುಕೋಳಿ ಕೊಬ್ಬು ಹಾಕಿರಬಹುದು, ಗ್ರೇವಿ ಟರ್ಕಿ ಕೋಳಿಯ ರಸದ್ದು, ಸಾಂಪ್ರದಾಯಿಕ ಪುಡಿಂಗ್‌ನಲ್ಲೂ ದನದ ಕೊಬ್ಬಿರುತ್ತೆ. ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಪಾರ್ಟ್‌ಟೈಮ್ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ. ಸ್ಟ್ಯಾಂಪ್ 2 (ಓದೋಕೆ ಬಂದವರಿಗೆ ಇಲ್ಲಿ ಕೊಡುವ ವಾಸದ ಅನುಮತಿ) ಇದ್ದವರು ಡಿಸೆಂಬರ್ 15ರಿಂದ ಜನವರಿ 15ರವರೆಗೆ ವಾರಕ್ಕೆ 40 ಗಂಟೆ ದುಡೀಬಹುದು. ರಜೆಗೆ ಹಿಂದಿನ 5 ವಾರಗಳಲ್ಲಿ ಒಟ್ಟು 40 ಗಂಟೆ ಕೆಲಸ ಮಾಡಿದ್ದರೆ ಸರ್ಕಾರಿ ರಜೆಯ ಸವಲತ್ತು ನಿಮಗೂ ಸಿಗಬೇಕು. ಪೇಸ್ಲಿಪ್ ನೋಡಿ, ಬಂದಿಲ್ಲದಿದ್ದರೆ ಸಂಕೋಚ ಬಿಟ್ಟು ಕೇಳಿ.