ಗಡಸು ನೀರಿನ ಊರಿನಲ್ಲಿ ಕೈ ತೊಳೆಯಲು ಕಲಿಸಿದ್ದು

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ ಮುಗಿಸಿ ಹೊರಟ ದಿನ ಮುಖ್ಯೋಪಾಧ್ಯಾಯರು ನೇರವಾಗಿಯೇ ಹೇಳಿದರು: “ನೀವು ಏಳು ದಿನ ಇದ್ದು ಹೋಗುವವರಮ್ಮ. ಎಂಟನೇ ದಿನ ಮಕ್ಕಳು ಮತ್ತೆ ಕೈ ತೊಳೆಯದೆ ಹಾಗೆಯೇ ಊಟಕ್ಕೆ ಕೂರುತ್ತಾರೆ.” ಆ ವರ್ಷ ಅವರ ಮಾತೇ ನಿಜವಾಯಿತು. ಮರುವರ್ಷ ಅದನ್ನು ಸುಳ್ಳು ಮಾಡಿದೆವು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ಒಂಬತ್ತು ಮಂದಿ. ಚಳ್ಳಕೆರೆ ಕಡೆಯ ಪ್ರೌಢಶಾಲೆ, ಮಕ್ಕಳು 180ರ ಆಸುಪಾಸು, ನಲ್ಲಿ ಮೂರು. ಬೀದಿ ನಾಟಕ, ಭಾಷಣಗಳ ಕಥೆ ಬೇಡ, ನೀವೂ ಮಾಡಿರುತ್ತೀರಿ. ಫ್ಲೆಕ್ಸಿಗೇ 1,800 ರೂಪಾಯಿ ಸುರಿದೆವು. ತಿಂಗಳೊಳಗೆ ಅದು ಯಾರದೋ ಬಣವೆಗೆ ಹೊದಿಕೆಯಾಗಿತ್ತು.

ಎರಡು ಡಜನ್ ಸೋಪು ತಂದಿಟ್ಟರೆ ಅರ್ಧ ಕಾಗೆಗಳ ಪಾಲು. ಈರುಳ್ಳಿ ಚೀಲದ ಬಲೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದೆವು. ಕಾಗೆ ಕಾಟ ತಪ್ಪಿತು, ಆದರೂ ಮಕ್ಕಳು ಮುಟ್ಟಲಿಲ್ಲ. ಸೋಮಾರಿತನವೆಂದು ಬೈದೆವು. ಒಂದು ಮಧ್ಯಾಹ್ನ ನಾನೇ ಅಲ್ಲಿ ಕೈ ತೊಳೆದಾಗ ಕಣ್ಣು ತೆರೆಯಿತು. ಕೊಳವೆಬಾವಿಯ ಗಡಸು ನೀರು. ಎಷ್ಟು ತಿಕ್ಕಿದರೂ ನೊರೆಯಿಲ್ಲ, ಅಂಗೈಗೆ ಬಿಳಿ ಜಿಡ್ಡು ಮೆತ್ತಿಕೊಳ್ಳುತ್ತದೆ. ಆ ಕೈಯಲ್ಲಿ ಅನ್ನ ಕಲಸಲು ಯಾರಿಗೆ ಮನಸ್ಸು ಬರುತ್ತದೆ? ಸುಮ್ಮನೆ ಮಕ್ಕಳನ್ನು ಬೈದಿದ್ದೆವು.

ಗಡಸು ನೀರಿನಲ್ಲೂ ಶಾಂಪೂ ನೊರೆ ಕೊಡುತ್ತದೆ. ಒಂದು ರೂಪಾಯಿಯ ಸ್ಯಾಶೆ, ಅದನ್ನು ಕಲಸಲು ಲೀಟರ್ ಬಾಟಲಿ ನೀರು, ಮುಚ್ಚಳಕ್ಕೆ ಕಾಯಿಸಿದ ದಬ್ಬಣದಿಂದ ಒಂದು ತೂತು, ಇಷ್ಟೇ. ಎಷ್ಟು ಸ್ಯಾಶೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹದ ಸಿಗುವಷ್ಟರಲ್ಲಿ ನಮಗೆ ಹತ್ತು ಹನ್ನೊಂದು ಬಾಟಲಿ ಹಾಳಾದವು, ನಿಮ್ಮ ಊರಿನ ನೀರೂ ಬೇರೆ. ಇಡೀ ಶಾಲೆಗೆ ತಿಂಗಳಿಗೆ 70 ರೂಪಾಯಿ ದಾಟಿದ ನೆನಪಿಲ್ಲ.

ಕೊಳೆ ಕಣ್ಣಿಗೆ ಕಾಣಬೇಕೆಂದು ಮೊದಲು ಎಣ್ಣೆಯಲ್ಲಿ ಅರಿಸಿನ ಕಲಸಿ ಕೈಗೆ ಹಚ್ಚಿದೆವು. ಸೋಪು ತಾಗಿದ್ದೇ ತಡ ಕೈಯೆಲ್ಲ ಕೆಂಪು! ಎಂಟನೇ ತರಗತಿಯ ಹುಡುಗಿಯೊಬ್ಬಳು ರಕ್ತವೆಂದು ಅತ್ತೇಬಿಟ್ಟಳು. ಅರಿಸಿನ ಬಿಟ್ಟು ಇಸ್ತ್ರಿ ಅಂಗಡಿಯ ಇದ್ದಿಲನ್ನು ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಗೆ ಬೆರೆಸಿದೆವು. ಬರೀ ನೀರಿಗೆ ಅದು ಜಗ್ಗಲಿಲ್ಲ. ಶಾಂಪೂ ನೀರಿನಲ್ಲಿ ತೊಳೆದ ಮೇಲೂ ಹೆಬ್ಬೆರಳಿನ ಬುಡದಲ್ಲಿ, ಉಗುರಿನ ಸಂದಿಯಲ್ಲಿ ಕಪ್ಪು ಉಳಿಯಿತು. ಮಕ್ಕಳು ತಾವಾಗಿಯೇ ಮತ್ತೆ ನಲ್ಲಿಗೆ ಓಡಿದರು. ಭಾಷಣದಿಂದ ಒಮ್ಮೆಯೂ ಆಗದ ಕೆಲಸ ಇದು.

ನಿಜವಾಗಿ ಗೆದ್ದದ್ದು ಆಮೇಲೆ. ಒಂಬತ್ತನೇ ತರಗತಿಯವರಿಗೆ ಸರದಿಯ ಮೇಲೆ ಬಾಟಲಿ ಒಪ್ಪಿಸಿ, ಬಿಸಿಯೂಟ ಬಡಿಸುವ ಅಕ್ಕನ ಬಳಿ ಒಂದೇ ಮಾತು ಕೇಳಿಕೊಂಡೆವು: “ಅಕ್ಕ, ಹೆಬ್ಬೆರಳು ನೋಡದೆ ಸಾರು ಹಾಕಬೇಡಿ.” ಅಂದಿನಿಂದ ತಟ್ಟೆಗಿಂತ ಮೊದಲು ಹೆಬ್ಬೆರಳು ಮುಂದೆ ಬರತೊಡಗಿತು.

ನಡುವೆ, ತೊಳೆದ ಕೈ ಮತ್ತು ತೊಳೆಯದ ಕೈ ಮುಟ್ಟಿದ ಬ್ರೆಡ್ ತುಂಡುಗಳಲ್ಲಿ ಯಾವುದಕ್ಕೆ ಬೂಷ್ಟು ಬರುತ್ತದೆ ಎಂದು ತೋರಿಸುವ ಪ್ರಯೋಗವನ್ನೂ ಮಾಡಿ ಕೈಬಿಟ್ಟೆವು. ತೊಳೆದ ಕೈ ಮುಟ್ಟಿದ ತುಂಡಿಗೂ ಬೂಷ್ಟು ಬಂತು. ಪ್ರಶ್ನೆ ಪೆಟ್ಟಿಗೆ ಮಾತ್ರ ಕೈಹಿಡಿಯಿತು. ಹುಡುಗಿಯರು ಮುಟ್ಟಿನ ವಿಷಯ ಚೀಟಿಯಲ್ಲಿ ಬರೆದು ಕೇಳಲಿ ಎಂದು ಇಟ್ಟರೆ ಮೊದಲ ವಾರ ಒಂದು ಚೀಟಿಯೂ ಬೀಳಲಿಲ್ಲ. ಹಾಕುವವಳನ್ನು ಎಲ್ಲರೂ ನೋಡುತ್ತಾರಲ್ಲ! ಪ್ರಶ್ನೆ ಇಲ್ಲದವರೂ “ಇಲ್ಲ” ಎಂದು ಬರೆದು ಹಾಕಲೇಬೇಕೆಂದೆವು. ಒಂದೇ ದಿನ ಮೂವತ್ತಕ್ಕೂ ಹೆಚ್ಚು ಪ್ರಶ್ನೆ ಬಂದವು. ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಒಣಗಿಸಿದರೆ ದೋಷವೇ ಎಂದು ನಾಲ್ಕೈದು ಮಂದಿ ಕೇಳಿದ್ದರು.

ನಾಲ್ಕು ತಿಂಗಳ ಮೇಲೆ ಹೇಳದೆ ಹೋಗಿ ಎಣಿಸಿದೆವು. ಸುಮಾರು 150 ಮಕ್ಕಳು ತೊಳೆದೇ ಊಟಕ್ಕೆ ಕೂತರು. ಸ್ಯಾಶೆಗಳ ಹೊಸ ಸರ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ನೇತಾಡುತ್ತಿತ್ತು. ಈಗ ಬೇಸಿಗೆ; ಬಾವಿಯಲ್ಲಿ ನೀರು ಇಳಿದಿದೆ. ಒಬ್ಬರಿಗೆ ಎಷ್ಟು ನೀರು ಸಾಕೆಂದು ಲೋಟದಲ್ಲಿ ಅಳೆಯುತ್ತಿದ್ದೇವೆ. ಅರ್ಧ ಲೀಟರಿನಿಂದ ಶುರು ಮಾಡಿ 300 ಮಿಲಿಗೆ ತಂದಿದ್ದೇವೆ, ಇನ್ನೂ ಇಳಿಸಬಹುದು.